ಲೇಟೆನ್ಸಿ: ಉಪಗ್ರಹದ ಇಂಟರ್ನೆಟ್‌ನಲ್ಲಿ ಸ್ಪೀಡ್ ಇದ್ದೂ ತಡ ಆಗೋದು ಯಾಕೆ?

ಮಳೆಗಾಲದಲ್ಲಿ ಟಿವಿ ನ್ಯೂಸ್ ನೋಡುವಾಗ ಇದನ್ನು ಗಮನಿಸಿರ್ತೀರಿ. ಸ್ಟುಡಿಯೋದಲ್ಲಿ ಕೂತ ಆಂಕರ್ "ಅಲ್ಲಿ ನೀರು ಎಷ್ಟು ಏರಿದೆ?" ಅಂತ ಕೇಳುತ್ತಾರೆ. ಹೊಳೆ ದಂಡೆಯಲ್ಲಿ ನಿಂತ ವರದಿಗಾರರು ಕಿವಿಗೆ ಕೈ ಹಿಡಿದು ಸುಮ್ನೆ ನಿಂತಿರುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ತಲೆ ಆಡಿಸಿ ಮಾತು ಶುರು ಮಾಡುತ್ತಾರೆ. ಪ್ರಶ್ನೆ ಅವರನ್ನು ಮುಟ್ಟೋಕೂ, ಅವರ ಉತ್ತರ ವಾಪಸ್ ಬರೋಕೂ ಅಷ್ಟು ಹೊತ್ತು ಹಿಡಿದಿರುತ್ತದೆ. ಓಬಿ ವ್ಯಾನ್ (ಸ್ಥಳದಿಂದಲೇ ನೇರ ಪ್ರಸಾರ ಮಾಡುವ ಟಿವಿ ಗಾಡಿ) ಉಪಗ್ರಹದ ಮೂಲಕ ಸಂಪರ್ಕದಲ್ಲಿದ್ದರೆ ಈ ತಡ ಎದ್ದು ಕಾಣುತ್ತದೆ. ಇದನ್ನೇ ಲೇಟೆನ್ಸಿ ಅನ್ನೋದು.

ಕೆಲವು ಅನುವಾದಗಳಲ್ಲಿ ಇದಕ್ಕೆ "ಸುಪ್ತತೆ" ಅಂತ ಬರೆದಿರುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಇಲ್ಲಿ ಯಾವುದೂ ಮಲಗಿಲ್ಲ, ಸಿಗ್ನಲ್ ಬೆಳಕಿನ ವೇಗದಲ್ಲಿ ಓಡುತ್ತಲೇ ಇದೆ. "ತಡ" ಅನ್ನೋ ನಮ್ಮ ಎರಡಕ್ಷರದ ಮಾತು ಸಾಕು. ಕಳಿಸಿದ್ದು ಆ ಕಡೆ ಮುಟ್ಟೋಕೆ, ಅಲ್ಲಿಂದ ಉತ್ತರ ವಾಪಸ್ ಬರೋಕೆ ಹಿಡಿಯುವ ಹೊತ್ತು. ಇದನ್ನು ಮಿಲಿಸೆಕೆಂಡ್‌ನಲ್ಲಿ ಅಳೆಯುತ್ತಾರೆ. 1000 ಮಿಲಿಸೆಕೆಂಡ್ ಅಂದ್ರೆ ಒಂದು ಸೆಕೆಂಡ್.

ಕನೆಕ್ಷನ್ ಮಾರೋಕೆ ಬರುವವರು ಈ ಅಂಕಿ ಹೇಳೋದು ಕಮ್ಮಿ. ಅವರು ಹೇಳೋದು ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಸಾಗುತ್ತೆ ಅನ್ನೋ ಅಳತೆ), ಅಂದ್ರೆ ಬ್ಯಾಂಡ್‌ವಿಡ್ತ್. ನಾವೂ ಅದನ್ನೇ "ಸ್ಪೀಡ್" ಅಂದುಕೊಳ್ತೀವಿ. ಎರಡೂ ಬೇರೆ. ಶಿರಸಿಯಿಂದ ಬೆಂಗಳೂರಿಗೆ ರಾತ್ರಿ ಒಂದು ಲಾರಿ ಲೋಡ್ ಅಡಿಕೆ ಹೊರಡುತ್ತೆ ಅನ್ನಿ. ಒಂದೇ ಸಲಕ್ಕೆ ಎಷ್ಟೋ ಚೀಲ ಬಂದು ಬೀಳುತ್ತೆ, ನಿಜ. ಆದರೆ ಮೊದಲನೇ ಚೀಲ ಸಿಗೋದು ಬೆಳಿಗ್ಗೆಯೇ. ಇನ್ನೂ ದೊಡ್ಡ ಲಾರಿ ತಂದರೆ ಚೀಲ ಜಾಸ್ತಿ ಬರುತ್ತೆ, ಬೆಳಿಗ್ಗೆ ಮಾತ್ರ ಬೇಗ ಆಗಲ್ಲ. ಲಾರಿಯ ಗಾತ್ರ ಬ್ಯಾಂಡ್‌ವಿಡ್ತ್, ದಾರಿಯ ಹೊತ್ತು ಲೇಟೆನ್ಸಿ.

ಈಗ ಉಪಗ್ರಹದ ದಾರಿ ಎಷ್ಟು ಉದ್ದ ನೋಡೋಣ. ನಮ್ಮ ಕಡೆ ಮನೆಗಳ ಟೆರೇಸ್ ಮೇಲಿನ ಡಿಶ್‌ಗಳನ್ನು ನೋಡಿ. ಹೆಚ್ಚುಕಮ್ಮಿ ಎಲ್ಲವೂ ಆಗ್ನೇಯ ಮೂಲೆ ಕಡೆ ಮುಖ ಮಾಡಿ ನಿಂತಿರುತ್ತವೆ. ಅವು ನೋಡುತ್ತಿರುವ ಉಪಗ್ರಹ ಸಮಭಾಜಕ ರೇಖೆಯ ಮೇಲೆ, 35,786 ಕಿ.ಮೀ. ಎತ್ತರದಲ್ಲಿದೆ. ಆ ಎತ್ತರಕ್ಕೆ ಒಂದು ಗುಣ ಇದೆ. ಅಲ್ಲಿರುವ ಉಪಗ್ರಹ ಭೂಮಿಯನ್ನು ಸುತ್ತೋಕೂ ಭೂಮಿ ತನ್ನ ಸುತ್ತ ತಿರುಗೋಕೂ ಒಂದೇ ಹೊತ್ತು ಹಿಡಿಯುತ್ತದೆ. ಹಾಗಾಗಿ ಕೆಳಗಿನಿಂದ ನೋಡಿದರೆ ಅದು ಆಕಾಶದಲ್ಲಿ ಮೊಳೆ ಹೊಡೆದ ಹಾಗೆ ಒಂದೇ ಜಾಗದಲ್ಲಿ ನಿಂತಂತೆ. ಡಿಶ್ ಒಂದು ಸಲ ಕೂರಿಸಿದರೆ ಮುಗೀತು, ತಿರುಗಿಸೋ ಗೋಜಿಲ್ಲ. ಇಂಥ ಉಪಗ್ರಹಗಳು ಸಂಪರ್ಕಕ್ಕೆ ಎಷ್ಟು ಅನುಕೂಲ ಅಂತ ವಿಜ್ಞಾನ ಲೇಖಕ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ ಬರೆದಿದ್ದರು. ನಮ್ಮ ಇನ್ಸಾಟ್, ಜಿಸ್ಯಾಟ್‌ಗಳು ಇದೇ ಜಾತಿಯವು. ಅವು ತಮ್ಮ ಜಾಗದಿಂದ ಸರಿಯದ ಹಾಗೆ ನೋಡಿಕೊಳ್ಳುವ ಇಸ್ರೋ ಕೇಂದ್ರ 1982ರಿಂದ ಹಾಸನದಲ್ಲಿದೆ.

ಈ ಅನುಕೂಲಕ್ಕೆ ಬೆಲೆ ಕಟ್ಟೋದು ಲೇಟೆನ್ಸಿಯಲ್ಲಿ. ಸಿಗ್ನಲ್ ಮೇಲೆ ಹೋಗಿ ಕೆಳಗೆ ಬಂದರೆ ಸುಮಾರು 71,600 ಕಿ.ಮೀ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಅಂದ್ರೆ ಪ್ರಶ್ನೆ ಮುಟ್ಟೋಕೆ ಕಾಲು ಸೆಕೆಂಡ್, ಉತ್ತರ ಬರೋಕೆ ಇನ್ನೊಂದು ಕಾಲು ಸೆಕೆಂಡ್. ನಡುವಿನ ಮೋಡೆಮ್, ರೂಟರ್‌ಗಳ ಪಾಲು ಸೇರಿಸಿದರೆ 600 ಮಿಲಿಸೆಕೆಂಡ್ ಹತ್ತಿರ. ಎಷ್ಟು ದುಡ್ಡು ಸುರಿದರೂ ಆ ಅರ್ಧ ಸೆಕೆಂಡ್‌ಗಿಂತ ಕೆಳಗೆ ಇಳಿಸೋಕೆ ಆಗಲ್ಲ. ಅದು ದೂರದ ಲೆಕ್ಕ.

ಅರ್ಧ ಸೆಕೆಂಡ್ ತಾನೇ, ಏನು ಮಹಾ ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು, ಮಲೆನಾಡಿನ ಒಂದು ಸಹಕಾರ ಸಂಘದ ಕೌಂಟರ್ ಪಕ್ಕ ಒಂದು ಬೆಳಿಗ್ಗೆ ಕೂರುವವರೆಗೆ. ಅಲ್ಲಿಗೆ ಕೇಬಲ್ ಬಂದಿರಲಿಲ್ಲ. ಮಾಡಿನ ಪಕ್ಕ ಡಿಶ್ ಕೂರಿಸಿದ್ದರು. ಅಡಿಕೆ ತಂದ ರೈತರು ಸಾಲಾಗಿ ನಿಂತಿದ್ದರು. ಕ್ಲರ್ಕ್ ಸದಸ್ಯತ್ವದ ನಂಬರ್ ಹೊಡೆದು ಕಾದರು. ಅಡಿಕೆ ಯಾವ ಬಗೆಯದು, ರಾಶಿಯೋ, ಬೆಟ್ಟೆಯೋ, ಗೊರಬಲೋ ಅಂತ ಆರಿಸಿ ಕಾದರು. ಚೀಲ ಎಷ್ಟು ಅಂತ ಹಾಕಿ ಕಾದರು. ತೂಕ ಹಾಕಿ ಮತ್ತೆ ಕಾದರು. "ನೋಡಿ ಸಾರ್, ಒಂದೊಂದು ಗುಂಡಿ ಒತ್ತಿದಾಗಲೂ ಒಂದೊಂದು ಗುಟುಕು ಕಾಫಿ ಕುಡೀಬೋದು" ಅಂದರು ಸಂಘದ ಕಾರ್ಯದರ್ಶಿ. ತಡ ಆಗ್ತಿದೆ ಅಂತ ಅವರು ದೂರು ಕೊಟ್ಟಾಗ, ಕನೆಕ್ಷನ್ ಕೊಟ್ಟವರು ಬ್ಯಾಂಡ್‌ವಿಡ್ತ್ ಡಬಲ್ ಮಾಡಿಸಿದ್ದರು. ತಿಂಗಳ ಬಿಲ್ ಏರಿತ್ತು, ರೈತರ ಸಾಲು ಕರಗಿರಲಿಲ್ಲ.

ಕಾರಣ ಇಷ್ಟೇ. ಆ ಸಾಫ್ಟ್‌ವೇರ್ ಪ್ರತಿಯೊಂದು ಖಾನೆ ತುಂಬಿದಾಗಲೂ ದೂರದ ಸರ್ವರ್ ಹತ್ತಿರ "ಇದು ಸರಿನಾ?" ಅಂತ ಕೇಳುತ್ತಿತ್ತು. ಒಂದು ರಸೀದಿಗೆ 25 ಸಲ ಹೋಗಿ ಬಂದರೆ, ಸಲಕ್ಕೆ 0.6 ಸೆಕೆಂಡಿನಂತೆ 15 ಸೆಕೆಂಡ್ ಬರೀ ಕಾಯೋದೇ ಆಯ್ತು. ಕಳಿಸುತ್ತಿದ್ದ ಮಾಹಿತಿ ಒಂದು ಸಣ್ಣ ಎಸ್ಸೆಮ್ಮೆಸ್‌ನಷ್ಟು. ಅದಕ್ಕೆ ದೊಡ್ಡ ಲಾರಿ ಯಾಕೆ ಬೇಕು? ಕೊನೆಗೆ ಕೆಲಸಕ್ಕೆ ಬಂದದ್ದು ಸಾಫ್ಟ್‌ವೇರ್ ತಿದ್ದಿದ್ದು. ಇಡೀ ರಸೀದಿಯನ್ನು ಅಲ್ಲೇ ಕಂಪ್ಯೂಟರ್‌ನಲ್ಲಿ ತುಂಬಿ, ಒಂದೇ ಸಲ ಕಳಿಸುವ ಹಾಗೆ ಮಾಡಿದರು. ಡಿಶ್ ಅದೇ, ಉಪಗ್ರಹ ಅದೇ. ಕ್ಲರ್ಕ್ ಕಾಯುವುದು ಮಾತ್ರ ರಸೀದಿಗೆ ಒಂದು ಸಲ ಆಯ್ತು.

ನಿಮ್ಮ ಕಂಪನಿಯ ಬಿಲ್ಲಿಂಗ್, ಸ್ಟಾಕ್ ಅಥವಾ ಬ್ಯಾಂಕ್ ಸಾಫ್ಟ್‌ವೇರ್ ಎಷ್ಟು ಸಲ ಹೋಗಿ ಬರುತ್ತೆ ಅಂತ ಐಟಿಯವರನ್ನು ಕೇಳಿ. ಈ ಒಂದು ಪ್ರಶ್ನೆ ಎಷ್ಟೋ ದುಡ್ಡು ಉಳಿಸುತ್ತೆ.

ಹಾಗಂತ ಲೇಟೆನ್ಸಿ ಎಲ್ಲ ಕಡೆಯೂ ತೊಂದರೆ ಅಲ್ಲ. ರಾತ್ರಿ ಹೊತ್ತು ಬ್ಯಾಕಪ್ ಕಳಿಸೋದು, ಡಿಟಿಎಚ್‌ನಲ್ಲಿ ಟಿವಿ ನೋಡೋದು, ನೂರಾರು ಶಾಖೆಗಳಿಗೆ ಒಂದೇ ಪಾಠ ಬಿತ್ತರಿಸೋದು, ಇಲ್ಲೆಲ್ಲ ಅರ್ಧ ಸೆಕೆಂಡ್ ತಡ ಯಾರಿಗೂ ಗೊತ್ತಾಗಲ್ಲ. ಎಟಿಎಂನಲ್ಲಿ ಕೂಡ ನಡೆಯುತ್ತೆ, ಊರೂರಿನ ಎಟಿಎಂ ತಲೆ ಮೇಲೆ ವಿಸ್ಯಾಟ್ ಡಿಶ್ (ಉಪಗ್ರಹ ಸಂಪರ್ಕದ ಸಣ್ಣ ಡಿಶ್) ಇರೋದನ್ನು ನೋಡಿರ್ತೀರಲ್ವಾ. ಕಷ್ಟ ಆಗೋದು ಎದುರುಬದುರು ಮಾತಿನಲ್ಲಿ. ಇಬ್ಬರೂ ಒಂದೇ ಸಲ ಮಾತಾಡೋಕೆ ಶುರು ಮಾಡ್ತಾರೆ, ಇಬ್ಬರೂ ನಿಲ್ಲಿಸ್ತಾರೆ, ಮತ್ತೆ ಇಬ್ಬರೂ ಶುರು. ಮಳೆ ಬಂದಾಗ ಡಿಶ್ ಕೈ ಕೊಡೋದು ಇದಕ್ಕೆ ಸಂಬಂಧಿಸಿದ್ದಲ್ಲ. ಅಲ್ಲಿ ಮಳೆ ಹನಿ ಸಿಗ್ನಲ್ಲನ್ನೇ ಹೀರಿಕೊಳ್ಳುತ್ತೆ.

ಈಗ ಇನ್ನೊಂದು ದಾರಿ ಬಂದಿದೆ, ಉಪಗ್ರಹವನ್ನೇ ಹತ್ತಿರ ಇಡೋದು. ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿವೆ, ಒನ್‌ವೆಬ್‌ನವು 1,200 ಕಿ.ಮೀ.ಯಲ್ಲಿ. ಒನ್‌ವೆಬ್‌ನ 72 ಉಪಗ್ರಹಗಳನ್ನು ಇಸ್ರೋದ ಎಲ್‌ವಿಎಂ3 ರಾಕೆಟ್ಟೇ 2022 ಮತ್ತು 2023ರಲ್ಲಿ ಶ್ರೀಹರಿಕೋಟದಿಂದ ಎರಡು ಕಂತಿನಲ್ಲಿ ಮೇಲೆ ಕಳಿಸಿತು. ದೂರ ಕಮ್ಮಿ ಆದ್ದರಿಂದ ತಡವೂ ನೂರು ಮಿಲಿಸೆಕೆಂಡ್ ಒಳಗೇ. ಆದರೆ ಅಷ್ಟು ಕೆಳಗೆ ಉಪಗ್ರಹ ಒಂದೇ ಕಡೆ ನಿಲ್ಲಲ್ಲ. ಒಂದೂವರೆ, ಎರಡು ಗಂಟೆಯೊಳಗೆ ಭೂಮಿಗೆ ಒಂದು ಸುತ್ತು ಹಾಕಿಬಿಡುತ್ತೆ. ನಿಮ್ಮ ಆಂಟೆನಾ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಲೇ ಇರಬೇಕು. ಆ 36 ಸಾವಿರ ಕಿ.ಮೀ. ಎತ್ತರದಲ್ಲಾದರೆ ಮೂರು ಉಪಗ್ರಹ ಸೇರಿದರೆ ಹೆಚ್ಚುಕಮ್ಮಿ ಇಡೀ ಭೂಮಿ ಕಾಣುತ್ತೆ. ಕೆಳಗಾದರೆ ನೂರಾರು, ಸಾವಿರಾರು ಬೇಕು. ಖರ್ಚು ಏರೋದು ಅಲ್ಲೇ.

ಕನೆಕ್ಷನ್ ತಗೊಳ್ಳುವ ಮೊದಲು ಒಂದು ವಾರ ಟ್ರಯಲ್ ಕೇಳಿ. ನಿಮ್ಮ ಸರ್ವರ್‌ಗೆ ಪಿಂಗ್ ಮಾಡಿಸಿ (ಒಂದು ಸಣ್ಣ ಸಂದೇಶ ಕಳಿಸಿ ಉತ್ತರ ಬರೋಕೆ ಎಷ್ಟು ಹೊತ್ತು ಅಂತ ಅಳೆಯೋದು), ಬೆಳಿಗ್ಗೆ ಹತ್ತಕ್ಕೆ, ಸಂಜೆ ಏಳಕ್ಕೆ, ಬೇರೆ ಬೇರೆ ಹೊತ್ತಿನಲ್ಲಿ. ಪರದೆಯ ಮೇಲೆ ಬರುವ ಅಂಕಿಯೇ ಲೇಟೆನ್ಸಿ. ಒಂದು ಸಲ 40, ಇನ್ನೊಂದು ಸಲ 300 ಅಂತ ಕುಣಿಯುತ್ತಿದ್ದರೆ ವಿಡಿಯೋ ಕಾಲ್ ಸರಿಯಾಗಿ ನಡೆಯಲ್ಲ. ಈ ಕುಣಿತಕ್ಕೆ ಜಿಟ್ಟರ್ ಅಂತಾರೆ. ಯಾವಾಗ ನೋಡಿದರೂ 600ರ ಆಸುಪಾಸಿನಲ್ಲೇ ಇದ್ದರೆ, ನಿಮ್ಮ ಒಂದೊಂದು ಕ್ಲಿಕ್ಕೂ 36 ಸಾವಿರ ಕಿ.ಮೀ. ಮೇಲೆ ಹೋಗಿ ಬರ್ತಿದೆ ಅಂತ ತಿಳ್ಕೊಳ್ಳಿ.