ಮೊಟ್ಟೆಯೋ ಬಾಳೆಹಣ್ಣೋ: ಸಮೀಕ್ಷೆಯನ್ನು ಮಕ್ಕಳೇ ಮಾಡಲಿ

ಫೆಬ್ರುವರಿ ಬಂತೆಂದರೆ ನಾಲ್ಕನೇ, ಐದನೇ ತರಗತಿಗಳಲ್ಲಿ ದತ್ತಾಂಶದ ಪಾಠ ಓಡುತ್ತಿರುತ್ತದೆ. ಪರೀಕ್ಷೆ ಎದುರಿಗೇ ನಿಂತಿರುತ್ತದೆ, ಪಾಠ ಮುಗಿಸುವ ಅವಸರ. ಬೋರ್ಡಿನ ಮೇಲೆ ಒಂದು ಕೋಷ್ಟಕ: ಮಾವು 12, ಬಾಳೆ 9, ಸೇಬು 6, ದ್ರಾಕ್ಷಿ 5. 'ಈ ಮಾಹಿತಿಗೆ ಸ್ತಂಭಾಲೇಖ ರಚಿಸಿ.' ಅಂದರೆ ಅಂಕಿಗೆ ತಕ್ಕ ಎತ್ತರದ ಕಂಬಗಳ ಚಿತ್ರ. ಮಕ್ಕಳು ಸ್ಕೇಲು ಇಟ್ಟು ಗೆರೆ ಎಳೆಯುತ್ತಾರೆ, ಬಣ್ಣ ತುಂಬುತ್ತಾರೆ, ಟೀಚರ್ ಸಹಿ ಹಾಕುತ್ತಾರೆ. ಈ 32 ಮಕ್ಕಳು ಯಾವ ಊರಿನವರು, ಅವರನ್ನು ಕೇಳಿದವರು ಯಾರು, ಹಲಸು ಅಂದ ಹುಡುಗಿಯ ಉತ್ತರ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಕೇಳಿ ಪ್ರಯೋಜನವೂ ಇಲ್ಲ, ಆ ಮಕ್ಕಳು ಎಲ್ಲೂ ಇಲ್ಲ.

ಶಿಕ್ಷಕರ ಸಮಾಲೋಚನಾ ಸಭೆಗಳಲ್ಲಿ ನಾನು ಹಟ ಹಿಡಿದು ಹೇಳುವ ಮಾತು ಒಂದೇ. ಅಂಕಿ ಕೈಗೆ ಬರುವ ಮುಂಚಿನ ಕೆಲಸವನ್ನು ಮಕ್ಕಳಿಂದ ಕಿತ್ತುಕೊಳ್ಳಬೇಡಿ. ಏನು ತಿಳಿಯಬೇಕು, ಯಾರಿಗೆ ಬೇಕು, ಯಾರನ್ನು ಕೇಳಬೇಕು, ಯಾವ ಮಾತಿನಲ್ಲಿ ಕೇಳಬೇಕು, ಉತ್ತರವನ್ನು ಎಲ್ಲಿ ಬರೆದಿಡಬೇಕು: ಪಾಠದ ಜೀವ ಇರುವುದು ಇಲ್ಲಿ. ಉತ್ತು, ಬಿತ್ತು, ಕಳೆ ಕಿತ್ತದ್ದೆಲ್ಲ ಪುಸ್ತಕ ಬರೆದವರು, ಮಕ್ಕಳು ಕೊಯ್ಲಿಗೆ ಮಾತ್ರ ಎಂಬಂತಾಗಿದೆ ಈಗಿನ ಪದ್ಧತಿ. ನ್ಯೂಜಿಲೆಂಡ್‌ನ ಶಾಲೆಗಳಲ್ಲಿ ಇದನ್ನು ಸಮಸ್ಯೆ, ಯೋಜನೆ, ದತ್ತಾಂಶ, ವಿಶ್ಲೇಷಣೆ, ತೀರ್ಮಾನ ಎಂಬ ಐದು ಹಂತಗಳ ಚಕ್ರವಾಗಿ ಕಲಿಸುತ್ತಾರೆ. ನಾವು ಮೊದಲ ಎರಡನ್ನು ಹಾರಿಸಿ, ಮೂರನೆಯದನ್ನು ಅಚ್ಚು ಹಾಕಿ ಕೊಟ್ಟುಬಿಡುತ್ತೇವೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಸಮೀಕ್ಷೆಗೆ ವಿಷಯ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ಬಿಸಿಯೂಟದ ತಟ್ಟೆಯಲ್ಲೇ ಇದೆ. ಅಕ್ಷರ ದಾಸೋಹದಲ್ಲಿ ಮೊಟ್ಟೆ ಕೊಡುವ ದಿನ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಅಡುಗೆಯವರಿಗೆ ಬೆಳಿಗ್ಗೆಯೇ ಲೆಕ್ಕ ಬೇಕು: ಎಷ್ಟು ಮೊಟ್ಟೆ ಬೇಯಿಸಲಿ, ಎಷ್ಟು ಹಣ್ಣು ತರಿಸಲಿ? ಹಾಗಾಗಿ ಇದು ಮಕ್ಕಳ ಕೈಗೆ ಸಿಕ್ಕ ಅಸಲಿ ಪ್ರಶ್ನೆ. ಉತ್ತರಕ್ಕಾಗಿ ಕಾಯುವ ಒಬ್ಬರು ಅಡುಗೆಮನೆಯಲ್ಲಿ ನಿಂತಿದ್ದಾರೆ.

ಪ್ರಶ್ನೆ ರೂಪಿಸುವುದನ್ನು ಮಕ್ಕಳಿಗೇ ಬಿಟ್ಟರೆ ಮೊದಲು ಬರುವುದು 'ನೀನು ಮೊಟ್ಟೆ ತಿಂತೀಯಾ?' ಎಂಬುದು. ಇದಕ್ಕೆ ಬರುವ ಉತ್ತರ ನಾಳೆಯ ಊಟದ ಬಗ್ಗೆ ಇರುವುದಿಲ್ಲ, ಮನೆಯ ಬಗ್ಗೆ ಇರುತ್ತದೆ. ನಮ್ಮಲ್ಲಿ ಅದು ಜಾತಿಯ ಬಾಗಿಲು ತಟ್ಟುವ ಪ್ರಶ್ನೆ ಎಂಬುದು ಹತ್ತು ವರ್ಷದ ಮಗುವಿಗೂ ಗೊತ್ತು. ಮನೆಯಲ್ಲಿ ಮಾಡದಿದ್ದರೂ ಶಾಲೆಯಲ್ಲಿ ತಿನ್ನುವವರು ಇದ್ದಾರೆ, ಮನೆಯಲ್ಲಿ ತಿಂದರೂ ಸೋಮವಾರವೋ ಶನಿವಾರವೋ ಬೇಡ ಅನ್ನುವವರು ಇದ್ದಾರೆ. ಈ ಗಲಿಬಿಲಿ ಚರ್ಚೆಗೆ ಬರುವಂತೆ ಟೀಚರ್ ಸುಮ್ಮನಿದ್ದುಬಿಟ್ಟರೆ ಸಾಕು, ಮಕ್ಕಳೇ ಪ್ರಶ್ನೆಯನ್ನು ತಿದ್ದುತ್ತಾರೆ: 'ನಾಳೆ ಮೊಟ್ಟೆ, ಬಾಳೆಹಣ್ಣು ಎರಡೂ ಇದ್ದರೆ ನೀನು ಯಾವುದು ತಗೋತೀಯಾ?' ಆಮೇಲೆ ಯಾರೋ ಒಬ್ಬರು 'ಎರಡೂ ಬೇಡ ಅಂದ್ರೆ?' ಅನ್ನುತ್ತಾರೆ, ಮೂರನೆಯ ಕಾಲಂ ಹುಟ್ಟುತ್ತದೆ. ಇನ್ನೊಬ್ಬ 'ಎರಡೂ ಬೇಕು ಅಂದ್ರೆ?' ಅಂತಾನೆ, ಎಲ್ಲರೂ ನಗುತ್ತಾರೆ. ನಗು ಮುಗಿದ ಮೇಲೆ ಅದಕ್ಕೂ ಒಂದು ತೀರ್ಮಾನ ಆಗಲೇಬೇಕು.

ಇನ್ನು ಕೇಳುವ ವಿಧಾನ. ಕೈ ಎತ್ತಿಸುವುದು ಸುಲಭ, ಎರಡೇ ನಿಮಿಷದ ಕೆಲಸ. ಆದರೆ ಕೈ ಎತ್ತಿಸುವಾಗ ಮಕ್ಕಳ ಕಣ್ಣನ್ನು ಗಮನಿಸಿ. ಮುಂದಿನ ಸಾಲಿನ ಚುರುಕು ಹುಡುಗಿ ಯಾವುದಕ್ಕೆ ಎತ್ತುತ್ತಾಳೆ, ಪಕ್ಕದವನು ಏನು ಮಾಡಿದ ಎಂದು ಅರ್ಧ ತರಗತಿ ನೋಡಿಕೊಂಡಿರುತ್ತದೆ. ಕೆಲವು ಕೈಗಳು ಭುಜದವರೆಗೆ ಬಂದು ವಾಪಸ್ಸು ಹೋಗುತ್ತವೆ. ಅದೇ ಪ್ರಶ್ನೆಯನ್ನು ಮಡಚಿದ ಚೀಟಿಯಲ್ಲಿ ಕೇಳಿ, ಡಬ್ಬಿಗೆ ಹಾಕಿಸಿ ಎಣಿಸಿದರೆ ಫಲಿತಾಂಶವೇ ಬೇರೆ. ಕೈ ಎತ್ತಿದಾಗ ಬಾಳೆಹಣ್ಣು ಗೆದ್ದ ತರಗತಿಯಲ್ಲಿ ಚೀಟಿ ಬಿಚ್ಚಿದಾಗ ಮೊಟ್ಟೆ ಗೆದ್ದದ್ದನ್ನು ನೋಡಿದ್ದೇನೆ. ಎರಡೂ ಎಣಿಕೆಯನ್ನು ಪಕ್ಕಪಕ್ಕ ಬರೆದು 'ಒಂದೇ ಮಕ್ಕಳು, ಒಂದೇ ಪ್ರಶ್ನೆ, ಯಾಕೆ ಹೀಗಾಯ್ತು?' ಎಂದು ಕೇಳಿದರೆ ಬರುವ ಉತ್ತರಗಳು ಕಾಲೇಜಿನ ಸಂಖ್ಯಾಶಾಸ್ತ್ರದ ತರಗತಿಯಲ್ಲೂ ಅಷ್ಟು ನೇರವಾಗಿ ಬರಲಿಕ್ಕಿಲ್ಲ. (ಚೀಟಿಯ ಮೇಲೆ ಹೆಸರು ಬರೆಸಬೇಡಿ. ಕೈಬರಹ ಪತ್ತೆಹಚ್ಚುವ ಪತ್ತೇದಾರರು ಪ್ರತಿ ತರಗತಿಯಲ್ಲೂ ಇರುತ್ತಾರೆ, ಹಾಗಾಗಿ ಸುಮ್ಮನೆ ಗುರುತು ಹಾಕುವ ಚೀಟಿಯೇ ಒಳ್ಳೆಯದು.)

ಮರುದಿನ ಊಟದ ಹೊತ್ತಿಗೆ ಇಬ್ಬರು ಮಕ್ಕಳು ನಿಂತು ನಿಜವಾಗಿ ಯಾರ ತಟ್ಟೆಗೆ ಏನು ಬಿತ್ತು ಎಂದು ಎಣಿಸಲಿ. ಹೇಳಿದ್ದು ಎಷ್ಟು, ಮಾಡಿದ್ದು ಎಷ್ಟು, ಎರಡು ಸ್ತಂಭಾಲೇಖ ಅಕ್ಕಪಕ್ಕ. ಚುನಾವಣಾ ಪೂರ್ವ ಸಮೀಕ್ಷೆ ಯಾಕೆ ತಪ್ಪುತ್ತದೆ ಎಂದು ಟೀವಿಯಲ್ಲಿ ತಾಸುಗಟ್ಟಲೆ ಮಾತಾಡುವುದು ಇದರ ಬಗ್ಗೆಯೇ.

ಎರಡನೆಯ ಉದಾಹರಣೆ ನೋಡಲು ಇನ್ನೂ ಸರಳ: 'ನಿಮ್ಮ ಮನೇಲಿ ಎಷ್ಟು ಜನ?' ಇಂಥ ಪ್ರಶ್ನೆಗೆ ಯೋಜನೆ ಬೇಕೇ ಅನ್ನಿಸುತ್ತದೆ. ಬೇಕು. ಅಣ್ಣ ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದಾನೆ, ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ, ಪಕ್ಕದ ಕೋಣೆಯಲ್ಲಿ ಚಿಕ್ಕಪ್ಪ ಬೇರೆ ಒಲೆ ಹೂಡಿದ್ದಾರೆ, ಅಜ್ಜಿ ಆರು ತಿಂಗಳು ಇಲ್ಲಿ ಆರು ತಿಂಗಳು ಅಲ್ಲಿ. ಒಬ್ಬ ನಾಯಿಯನ್ನೂ ಸೇರಿಸಿರುತ್ತಾನೆ. ನಾಲ್ಕನೇ ತರಗತಿಯ ಮಕ್ಕಳು ಈ ವಾದ ಮಾಡುತ್ತಿರುವಾಗ ಅವರಿಗೆ ಗೊತ್ತಿಲ್ಲದೆಯೇ ಜನಗಣತಿ ಇಲಾಖೆಯ ತಲೆನೋವನ್ನು ಹೊತ್ತಿರುತ್ತಾರೆ. ನಮ್ಮ ಜನಗಣತಿಯಲ್ಲಿ ಸಾಮಾನ್ಯವಾಗಿ ಒಟ್ಟಿಗೆ ವಾಸಿಸಿ ಒಂದೇ ಅಡುಗೆಮನೆಯಲ್ಲಿ ಊಟ ಮಾಡುವವರು ಒಂದು ಕುಟುಂಬ. 1931ರವರೆಗೆ ದೇಶವಿಡೀ ಒಂದೇ ರಾತ್ರಿ ಎಣಿಸುವ ಕ್ರಮವಿತ್ತು, ಆ ರಾತ್ರಿ ಎಲ್ಲಿದ್ದಿರೋ ಅಲ್ಲಿಯ ಲೆಕ್ಕ. ಮಕ್ಕಳು ಎರಡರಲ್ಲಿ ಯಾವುದನ್ನು ಆರಿಸಿದರೂ ಸರಿಯೇ, ಆರಿಸಿದ್ದನ್ನು ಎಲ್ಲರೂ ಪಾಲಿಸಬೇಕು ಅಷ್ಟೆ. 'ನಿನ್ನೆ ರಾತ್ರಿ ನಿಮ್ಮ ಮನೇಲಿ ಮಲಗಿದ್ದವರು ಎಷ್ಟು ಜನ?' ಎಂದು ಕೇಳಿದರೆ ಗೊಂದಲ ಮುಕ್ಕಾಲು ಪಾಲು ಕರಗುತ್ತದೆ.

ನಲಿಕಲಿ ತರಗತಿಯಲ್ಲಿ ಇನ್ನೊಂದು ತಮಾಷೆ ಇದೆ. ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಕೂರುವುದರಿಂದ ಅಕ್ಕ-ತಮ್ಮ ಇಬ್ಬರೂ ಅಲ್ಲೇ ಇರುತ್ತಾರೆ. ಇಬ್ಬರೂ 'ಐದು' ಅಂದರೆ ಒಂದೇ ಮನೆ ಎರಡು ಸಲ ಲೆಕ್ಕಕ್ಕೆ ಬಂತು. ಎಣಿಸುತ್ತಿರುವುದು ಮಕ್ಕಳನ್ನೋ ಮನೆಗಳನ್ನೋ ಎಂಬ ಪ್ರಶ್ನೆ ಅಲ್ಲಿಂದ ತಾನಾಗಿ ಏಳುತ್ತದೆ.

2025ರಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ 60 ಪ್ರಶ್ನೆಗಳನ್ನು ಹಿಡಿದು ಮನೆಮನೆ ತಿರುಗಿದವರಲ್ಲಿ ಹೆಚ್ಚಿನವರು ಶಿಕ್ಷಕರೇ. ಅನುಮಾನದ ನೋಟ, ಅರ್ಧ ತೆರೆದ ಬಾಗಿಲು, 'ಇದೆಲ್ಲ ಯಾಕೆ ಕೇಳ್ತೀರಿ' ಎಂಬ ಮಾತು, ಎಲ್ಲವೂ ಅವರಿಗೆ ಗೊತ್ತು. ಆ ಅನುಭವವನ್ನು ತರಗತಿಗೆ ತನ್ನಿ. ಪುಸ್ತಕದ ಯಾವ ಹಣ್ಣಿನ ಕೋಷ್ಟಕಕ್ಕಿಂತ ಅದು ಒಳ್ಳೆಯ ಪಾಠ.

ಕೆಲವು ಪ್ರಶ್ನೆಗಳನ್ನು ಮಕ್ಕಳು ಕೇಳಲೇಬಾರದು. ಅಪ್ಪನ ಕುಡಿತ, ಸಂಪಾದನೆ, ಜಾತಿ, ಮನೆಯ ಸಾಲ. ಶೌಚಾಲಯ ಇದೆಯೇ ಎಂಬುದನ್ನು 'ಸ್ವಚ್ಛತಾ ಸಮೀಕ್ಷೆ' ಹೆಸರಿನಲ್ಲಿ ಮಕ್ಕಳನ್ನು ಎದ್ದು ನಿಲ್ಲಿಸಿ ಕೇಳುವುದುಂಟು. ಉತ್ತರಿಸಬೇಕಾದವರು ತಲೆ ತಗ್ಗಿಸುವ ಪ್ರಶ್ನೆಯಿಂದ ಬಂದ ಅಂಕಿ ನಿಜವೂ ಆಗಿರುವುದಿಲ್ಲ.

ಯಾರನ್ನು ಕೇಳಬೇಕು ಎಂಬಲ್ಲಿ ಹಳ್ಳಿಯ ಶಾಲೆಗೆ ತನ್ನದೇ ತೊಡಕಿದೆ. 'ಊರಿನಲ್ಲಿ ಎಷ್ಟು ಮನೆಗೆ ನಲ್ಲಿ ನೀರು ದಿನಾ ಬರುತ್ತೆ' ಎಂದು ವಿಚಾರಿಸಿ ಬನ್ನಿ ಅಂದರೆ ಪ್ರತಿ ಮಗುವೂ ತನ್ನ ಕೇರಿಯ ಮನೆಗಳಿಗೇ ಹೋಗುತ್ತದೆ. ತರಗತಿಯಲ್ಲಿ ಯಾವ ಕೇರಿಯ ಮಕ್ಕಳು ಹೆಚ್ಚಿದ್ದಾರೋ ಆ ಕೇರಿಯ ನೀರೇ ಊರಿನ ನೀರಾಗುತ್ತದೆ. ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಊರಿನ ನಕ್ಷೆ ಬಿಡಿಸಿ, ಎಲ್ಲ ಕೇರಿಗಳನ್ನೂ ಗುರುತಿಸಿ, ಪ್ರತಿ ಕೇರಿಯಿಂದ ಇಂತಿಷ್ಟು ಮನೆ ಎಂದು ಹಂಚಿ. ಬೇರೆ ಬೇರೆ ಕೇರಿಯ ಇಬ್ಬರನ್ನು ಜೋಡಿ ಮಾಡಿ ಕಳಿಸಿ.

ಹೊರಡುವ ಮುಂಚೆ ಒಂದು ತಾಲೀಮು. ಪಕ್ಕದ ತರಗತಿಯ ಐದು ಮಕ್ಕಳ ಮೇಲೆ ಪ್ರಶ್ನೆಯನ್ನು ಪ್ರಯೋಗ ಮಾಡಿ ನೋಡಲಿ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ 1937ರಲ್ಲಿ ಬಂಗಾಳದ ಸೆಣಬಿನ ಬೆಳೆಯ ವಿಸ್ತೀರ್ಣ ಅಂದಾಜಿಸಲು ಹೊರಟಾಗ ಇಡೀ ಪ್ರಾಂತ್ಯಕ್ಕೆ ಒಮ್ಮೆಗೇ ಕೈ ಹಾಕಲಿಲ್ಲ. ಸಣ್ಣದಾಗಿ ಶುರುಮಾಡಿ, ಎಡವಿದ್ದನ್ನು ತಿದ್ದಿಕೊಂಡು, ವರ್ಷದಿಂದ ವರ್ಷಕ್ಕೆ ಹಿಗ್ಗಿಸುತ್ತಾ ಹೋದರು. ಅವರ ಹುಟ್ಟುಹಬ್ಬ ಜೂನ್ 29 ನಮ್ಮ ರಾಷ್ಟ್ರೀಯ ಸಾಂಖ್ಯಿಕ ದಿನ. ಶಾಲೆ ತೆರೆದು ತಿಂಗಳಾಗಿರುವ ಆ ಹೊತ್ತು ಇಂಥ ಕೆಲಸಕ್ಕೆ ಫೆಬ್ರುವರಿಗಿಂತ ಎಷ್ಟೋ ವಾಸಿ.

ಎಣಿಸುತ್ತಾ ಹಾಕುವ ಟ್ಯಾಲಿ ಗುರುತಿನ ಬಗ್ಗೆ ಒಂದೇ ಮಾತು. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಎಳೆಯಬೇಕು. ಬಹಳ ಮಕ್ಕಳು ಐದು ಗೆರೆ ಎಳೆದು, ಅದರ ಮೇಲೆ ಅಡ್ಡಗೆರೆ ಹಾಕಿ, ಆಮೇಲೆ ಅದನ್ನು ಐದು ಎಂದೇ ಎಣಿಸುತ್ತಾರೆ. ಒಟ್ಟು ಮೊತ್ತ ಮಕ್ಕಳ ಸಂಖ್ಯೆಗೆ ತಾಳೆಯಾಗದಿದ್ದರೆ ಮೊದಲು ಇಲ್ಲಿ ಹುಡುಕಿ.

ಈಗ ಆಲೇಖ. ಎಣಿಕೆಯನ್ನು ಚಿತ್ರಗಳಿಂದ ತೋರಿಸುವ ಚಿತ್ರಲೇಖದಲ್ಲಿ ಮಕ್ಕಳು ಮಾವನ್ನು ದೊಡ್ಡದಾಗಿ, ದ್ರಾಕ್ಷಿಯನ್ನು ಚಿಕ್ಕದಾಗಿ ಬಿಡಿಸುತ್ತಾರೆ, ಪ್ರಪಂಚದಲ್ಲಿ ಅವು ಇರುವುದೇ ಹಾಗೆ. ಆಗ ಏಳು ದ್ರಾಕ್ಷಿಯ ಸಾಲಿಗಿಂತ ನಾಲ್ಕು ಮಾವಿನ ಸಾಲು ಉದ್ದ ಕಾಣುತ್ತದೆ. 'ತಪ್ಪು' ಎಂದು ಹೊಡೆದು ಹಾಕುವ ಬದಲು ದೂರದಿಂದ ನೋಡಿ ಯಾವುದು ಹೆಚ್ಚು ಎಂದು ಬೇರೆ ತರಗತಿಯ ಮಗುವನ್ನು ಕರೆದು ಕೇಳಿ. ಅದು ಮಾವು ಅಂದ ಕೂಡಲೇ ಬಿಡಿಸಿದವರಿಗೆ ಅರ್ಥವಾಗುತ್ತದೆ. ಪರಿಹಾರ ಅಗ್ಗದ್ದು. ಒಂದೇ ಅಳತೆಯ ಬೆಂಕಿಪೊಟ್ಟಣ ಅಥವಾ ಚೌಕ ಚೀಟಿ, ಒಬ್ಬರಿಗೆ ಒಂದು. ಗೋಡೆಯ ಬುಡದ ಒಂದೇ ಗೆರೆಯಿಂದ ಮೇಲಕ್ಕೆ ಅಂಟಿಸುತ್ತಾ ಹೋದರೆ ಕಂಬ ಎದ್ದಿತು. ತನ್ನ ಚೀಟಿ ಕಂಬದಲ್ಲಿ ಎಲ್ಲಿದೆ ಎಂದು ಮಗು ಬೆರಳಿಟ್ಟು ತೋರಿಸಬಲ್ಲುದು. ಚೌಕಗಳ ನಡುವಿನ ಗೆರೆ ಅಳಿಸಿದರೆ ಅದೇ ಸ್ತಂಭಾಲೇಖ. ಯಾರೂ ಆರಿಸದ ಆಯ್ಕೆಗೂ ಜಾಗ ಬಿಡಿಸಿ, ಖಾಲಿ ಜಾಗವೂ ಒಂದು ಉತ್ತರ. ಒಂದು ಚೌಕಕ್ಕೆ ಎರಡು, ಐದು ಎಂಬ ಪ್ರಮಾಣ ಕಾಗದ ಸಾಲದೆ ಬಂದಾಗ ಕಲಿಸಿದರೆ ಸಾಕು, ಅದಕ್ಕೆ ಮುಂಚೆ ಬೇಡ.

ಕಂಬಗಳ ತುದಿಗಳನ್ನು ಗೆರೆಯಿಂದ ಜೋಡಿಸುವ ಚಾಳಿ ಐದನೇ ತರಗತಿಯಲ್ಲಿ ಶುರುವಾಗುತ್ತದೆ. ಮೊಟ್ಟೆಗೂ ಬಾಳೆಹಣ್ಣಿಗೂ ನಡುವೆ ಏನಿದೆ ಎಂದು ಗೆರೆ ಎಳೆಯುವುದು? ಸ್ಕಾಟ್ಲೆಂಡಿನ ಲೇಖಕ ವಿಲಿಯಂ ಪ್ಲೇಫೇರ್ 1786ರಲ್ಲಿ ಸ್ತಂಭಾಲೇಖವನ್ನು ಅಚ್ಚು ಹಾಕಿಸಿದ್ದೇ ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಅವನ ಬಳಿ ಒಂದೇ ವರ್ಷದ ಅಂಕಿ ಇತ್ತು, ಕಾಲಕ್ಕೆ ತಕ್ಕ ಗೆರೆ ಎಳೆಯಲು ಸಾಧ್ಯವಿರಲಿಲ್ಲ ಎಂಬ ಕಾರಣಕ್ಕೆ. ಗೆರೆ ಬೇಕಿದ್ದರೆ ಮಳೆ ಅಳೆಯಿಸಿ. ನೀರಿನ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ಬೋರಲು ಹಾಕಿ ಲಾಳಿಕೆ ಮಾಡಿ. ಬುಡದ ಉಬ್ಬುತಗ್ಗು ಮುಚ್ಚುವಷ್ಟು ಕಲ್ಲು, ನೀರು ತುಂಬಿ, ಪಕ್ಕೆ ನೇರವಾಗುವಲ್ಲಿ ಸೊನ್ನೆ ಗುರುತು ಹಾಕಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಮಿಲಿಮೀಟರ್‌ನಲ್ಲಿ ಓದಿ, ಮತ್ತೆ ಸೊನ್ನೆಗೆ ತನ್ನಿ. ಒಂದು ಮಿಲಿಮೀಟರ್ ಅಂದರೆ ಪ್ರತಿ ಚದರ ಮೀಟರಿಗೆ ಒಂದು ಲೀಟರ್ ನೀರು. ಶಾಲೆಯ ಮಾಳಿಗೆಯ ಲೆಕ್ಕವನ್ನು ಐದನೆಯವರು ಮಾಡಿಕೊಳ್ಳಲಿ.

ಆ ದಿನಗಳನ್ನು ತಿಂಗಳವಾರು ಕೂಡಿಸುವ ಬದಲು ಅಜ್ಜಂದಿರ ಮಳೆ ನಕ್ಷತ್ರದ ಲೆಕ್ಕದಲ್ಲಿ ಕೂಡಿಸಲು ನಾನು ಹೇಳುತ್ತೇನೆ: ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ. ಒಂದೊಂದು ಮಳೆಗೆ ಹದಿಮೂರು-ಹದಿನಾಲ್ಕು ದಿನ, ಗುಂಪು ಮಾಡಲು ಹೇಳಿ ಮಾಡಿಸಿದ ಅಳತೆ. ಹೀಗೆ ಕೂಡಿಸಿದ ಮೇಲೆ ಒಂದೊಂದು ಮಳೆಗೂ ಒಂದೊಂದು ಕಂಬ, ದಿನದಿನದ ಓದಿಗೆ ಗೆರೆ. 'ಆರಿದ್ರಾ ಮಳೆ ಆರದೆ ಹೊಯ್ಯುತ್ತೆ' ಎಂಬ ಮಾತು ಈ ವರ್ಷ ನಮ್ಮ ಊರಲ್ಲಿ ನಿಜವಾಯಿತೇ ಎಂದು ಮಕ್ಕಳು ಮನೆಗೆ ಹೋಗಿ ವಾದ ಮಾಡುತ್ತಾರೆ, ಕೈಯಲ್ಲಿ ಅಂಕಿ ಇಟ್ಟುಕೊಂಡು. ಒಂದು ವರ್ಷದ ಮಳೆ ನೋಡಿ ಗಾದೆ ಸುಳ್ಳು ಅನ್ನಬಹುದೇ ಎಂದು ಯಾರಾದರೂ ಕೇಳಿದರೆ ಆ ಮಗುವಿನ ಹೆಸರು ಬರೆದಿಟ್ಟುಕೊಳ್ಳಿ.

ಆಲೇಖ ಮುಗಿದ ಮೇಲೆ ನಾವು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಒಂದೇ ಜಾತಿಯವು: ಯಾವುದು ಹೆಚ್ಚು, ಯಾವುದು ಕಡಿಮೆ. ಅಮೆರಿಕದ ಗಣಿತ ಶಿಕ್ಷಣ ತಜ್ಞೆ ಫ್ರಾನ್ಸಿಸ್ ಕರ್ಸಿಯೊ 1987ರಲ್ಲಿ ಆಲೇಖ ಓದುವುದನ್ನು ಮೂರು ಮಟ್ಟಗಳಾಗಿ ವಿಂಗಡಿಸಿದರು: ಇದ್ದದ್ದನ್ನು ಓದುವುದು, ನಡುವಿನದನ್ನು ಓದುವುದು, ಆಚೆಗಿನದನ್ನು ಓದುವುದು. ಮೊಟ್ಟೆ ಎಷ್ಟು ಎಂಬುದು ಮೊದಲನೆಯದು, ಬಾಳೆಹಣ್ಣಿಗಿಂತ ಎಷ್ಟು ಹೆಚ್ಚು ಎಂಬುದು ಎರಡನೆಯದು. ಮುಂದಿನ ವಾರ ಅಡುಗೆಯವರು ಎಷ್ಟು ಬೇಯಿಸಬೇಕು, ಶ್ರಾವಣ ಮಾಸದಲ್ಲೂ ಇದೇ ಲೆಕ್ಕ ನಡೆಯುತ್ತದೆಯೇ ಎಂಬುದು ಮೂರನೆಯದು. ಮೂರನೆಯದನ್ನು ಕೇಳಿದಾಗ ತರಗತಿಯಲ್ಲಿ ಗದ್ದಲವಾಗುತ್ತದೆ. ಆಗಲಿ.

ನೀರಿನ ಸಮೀಕ್ಷೆಯ ಆಲೇಖವನ್ನು ಶಾಲೆಯ ಗೋಡೆಗಷ್ಟೇ ಬಿಡಬೇಡಿ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ, ಅಲ್ಲಿಗೆ ಒಯ್ಯಿರಿ. ಯಾವ ತಾರೀಖು ಕೇಳಿದ್ದು, ಎಷ್ಟು ಮನೆ, ಯಾವ ಕೇರಿ ಎಂಬುದು ಆಲೇಖದ ಕೆಳಗೆ ಬರೆದಿರಲಿ, ಸದಸ್ಯರು ಕೇಳುವ ಮೊದಲ ಪ್ರಶ್ನೆಗಳು ಅವೇ.

ಕೊನೆಯದಾಗಿ ಅಂಕದ ವಿಚಾರ. ವರ್ಷದ ನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗೆ ಅಂಕ ಕೊಡುವಾಗ ನಾವು ಸಾಮಾನ್ಯವಾಗಿ ನೋಡುವುದು ಕಂಬ ನೇರ ಇದೆಯೇ, ಬಣ್ಣ ಗೆರೆ ದಾಟಿದೆಯೇ ಎಂಬುದನ್ನು. ಅರ್ಧ ಅಂಕವನ್ನಾದರೂ ಯೋಜನೆಯ ಹಾಳೆಗೆ ಇಡಿ. ಆ ಹಾಳೆಯಲ್ಲಿ ಮೊದಲು ಬರೆದ ಪ್ರಶ್ನೆ, ಹೊಡೆದು ಹಾಕಿದ ಪ್ರಶ್ನೆ, ತಿದ್ದಿದ ಪ್ರಶ್ನೆ ಮೂರೂ ಕಾಣಬೇಕು. ಅಚ್ಚುಕಟ್ಟಾಗಿ ಮತ್ತೆ ಬರೆದು ತಂದರೆ ಹಳೆಯ ಹಾಳೆಯನ್ನೂ ಕೇಳಿ ಪಡೆಯಿರಿ.