ಬಡ್ಡಿ ಬೇಡ ಅನ್ನುವವರ ಕೈಗೆ ಯುಪಿಐ

ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅತ್ತರಿನ ಅಂಗಡಿ. ಗಲ್ಲಾದ ಮೇಲೆ ಕ್ಯೂಆರ್ ಕೋಡ್, ಪಕ್ಕದಲ್ಲಿ 'ನಲವತ್ತು ರೂಪಾಯಿ ಬಂದಿದೆ' ಅಂತ ಕೂಗುವ ಪುಟ್ಟ ಡಬ್ಬಿ. ಕೆಳಗೊಂದು ನೋಟ್‌ಬುಕ್. ಮೂರು ತಿಂಗಳಿಗೊಮ್ಮೆ ಉಳಿತಾಯ ಖಾತೆಗೆ ಬೀಳುವ ಬಡ್ಡಿಯನ್ನು ಅಂಗಡಿಯ ಸಾಹೇಬರು ಅದರಲ್ಲಿ ಬರೆದಿಟ್ಟು, ಅಷ್ಟನ್ನೂ ಬಡವರಿಗೆ ಕೊಟ್ಟುಬಿಡುತ್ತಾರೆ. ಪುಣ್ಯಕ್ಕಲ್ಲ, ಆ ದುಡ್ಡು ಮನೆಗೆ ಸೇರಬಾರದು ಅಂತ.

ಇಸ್ಲಾಂನಲ್ಲಿ ಬಡ್ಡಿ, ಅಂದರೆ ರಿಬಾ, ನಿಷಿದ್ಧ. ವ್ಯಾಪಾರದ ಲಾಭಕ್ಕೆ ಅಡ್ಡಿಯಿಲ್ಲ, ಆದರೆ ನಷ್ಟಕ್ಕೂ ಹೆಗಲು ಕೊಡಬೇಕು. 1963ರಲ್ಲಿ ಈಜಿಪ್ಟಿನ ಮಿತ್ ಘಮ್ರ್ ಪಟ್ಟಣದಲ್ಲಿ ಶುರುವಾದ ಬಡ್ಡಿಯಿಲ್ಲದ ಬ್ಯಾಂಕಿನ ಪ್ರಯೋಗ 1975ರಲ್ಲಿ ದುಬೈ, 1983ರಲ್ಲಿ ಮಲೇಷ್ಯಾ ಮುಟ್ಟಿ, ಈಗ ಮೊಬೈಲಿಗೆ ಬಂದಿದೆ.

ನಮ್ಮಲ್ಲಿ ಹಾಗಾಗಲಿಲ್ಲ. ಇಸ್ಲಾಮಿಕ್ ಬ್ಯಾಂಕು ಗಿರಾಕಿಗೆ ಬೇಕಾದ ಸರಕನ್ನು ತಾನೇ ಕೊಂಡು, ಲಾಭ ಇಟ್ಟು ಕಂತಿನಲ್ಲಿ ಮಾರುತ್ತದೆ. ನಮ್ಮ 1949ರ ಬ್ಯಾಂಕಿಂಗ್ ಕಾಯ್ದೆ ಬ್ಯಾಂಕುಗಳಿಗೆ ಸರಕಿನ ವ್ಯಾಪಾರ ಮಾಡಲು ಬಿಡುವುದಿಲ್ಲ. 2008ರಲ್ಲಿ ಹಣಕಾಸು ವಲಯದ ಸುಧಾರಣೆಗೆಂದು ನೇಮಿಸಿದ್ದ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್ ಬೇಕು ಎಂದಿತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪ ಕೈಬಿಟ್ಟಿತು. ಬ್ಯಾಂಕ್ ಸೇವೆ ಎಲ್ಲರಿಗೂ ಸಮಾನವಾಗಿ ಸಿಗುತ್ತಿದೆ ಅನ್ನುವುದು ಕೊಟ್ಟ ಕಾರಣ. ಆ ನೋಟ್‌ಬುಕ್ ನೋಡಿದವರಿಗೆ ಈ ಮಾತು ಒಪ್ಪುವುದು ಕಷ್ಟ. 2019ರಲ್ಲಿ ಬಡ್ಡಿಯಿಲ್ಲದ 'ಹಲಾಲ್ ಹೂಡಿಕೆ' ಹೆಸರಿನಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಜನ ದುಡ್ಡು ಕಳೆದುಕೊಂಡರು. ಕಾನೂನಿನ ಕಣ್ಗಾವಲಿನಲ್ಲಿ ಒಂದು ಬಾಗಿಲು ತೆರೆದಿದ್ದರೆ ಅಷ್ಟು ಜನ ಅಲ್ಲಿಗೆ ಹೋಗುತ್ತಿದ್ದರಾ?

ಈ ನಡುವೆಯೇ, 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು. ನವೆಂಬರ್‌ನಲ್ಲಿ ನೋಟು ರದ್ದಾಯಿತು. ಯುಪಿಐಯಲ್ಲಿ ಬಡ್ಡಿಯಿಲ್ಲ, ಒಂದು ಖಾತೆಯ ಹಣ ಇನ್ನೊಂದಕ್ಕೆ ಹೋಗುತ್ತದೆ ಅಷ್ಟೇ. ತೊಡಕಿರುವುದು ಅದರ ಹಿಂದಿನ ಖಾತೆಯಲ್ಲಿ. ಚಾಲ್ತಿ ಖಾತೆಗೆ ಬಡ್ಡಿ ಬರುವುದಿಲ್ಲ ನಿಜ. ಆದರೆ ಅದರಲ್ಲಿ ಇಡಬೇಕಾದ ಕನಿಷ್ಠ ಮೊತ್ತ ಸಣ್ಣ ಅಂಗಡಿಯವರಿಗೆ ಜಾಸ್ತಿಯೇ. ಈಗ ಯುಪಿಐ ಆ್ಯಪ್‌ಗಳು 'ಈಗ ಕೊಳ್ಳಿ, ಆಮೇಲೆ ಕೊಡಿ' ಅಂತ ಸಾಲವನ್ನೂ ಮುಂದಿಡುತ್ತಿವೆ. ವಾಯಿದೆ ತಪ್ಪಿದರೆ ದಂಡ. ಹಣ ಕಳಿಸುವ ಗುಂಡಿ, ಸಾಲ ತೆಗೆಯುವ ಗುಂಡಿ ಒಂದೇ ಪರದೆಯಲ್ಲಿ.

ಮಲೆನಾಡಿಗೆ ಬಡ್ಡಿಯಿಲ್ಲದ ಸಾಲ ಹೊಸದಲ್ಲ. ಅಡಿಕೆ ಕೊಯ್ಲಿಗೆ ಮುಂಚೆ ಪಕ್ಕದ ಮನೆಯವರು ಕೊಟ್ಟ ಕೈಗಡಕ್ಕೆ ಯಾರೂ ಬಡ್ಡಿ ಕೇಳುವುದಿಲ್ಲ, ಅಲ್ವಾ? ಮುಸ್ಲಿಮರು ಅದನ್ನೇ ಕರ್ಜೆ ಹಸನಾ ಅನ್ನುತ್ತಾರೆ. ಸಾಹೇಬರೂ ಕೊಡುತ್ತಾರೆ. ತಿಂಗಳು ತಪ್ಪಿದವರಿಗೆ ದಂಡವಿಲ್ಲ, ಇನ್ನೊಂದು ತಿಂಗಳು ಸಿಗುತ್ತದೆ. ಕಂತು ಮಾತ್ರ ಈಗ ಫೋನಿನಲ್ಲೇ ಬರುತ್ತದೆ, ಡಬ್ಬಿ ಕೂಗಿ ಹೇಳುತ್ತದೆ.