ಅಲ್ಯೂಮಿನಿಯಂ ಕೊಳವೆಯ ಸಾಕ್ಷಿ

ಹೊರವ್ಯಾಸ 81 ಮಿಲಿಮೀಟರ್, ಉದ್ದ 900 ಮಿಲಿಮೀಟರ್, ಗೋಡೆಯ ದಪ್ಪ 3.3 ಮಿಲಿಮೀಟರ್. 7075-ಟಿ6 ಎಂಬ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿ, ಮೇಲ್ಮೈಯನ್ನು ಆನೋಡೈಸ್ ಮಾಡಿದ, ಎಂದರೆ ಸವೆತ ತಡೆಯುವ ಪದರ ಕೊಟ್ಟ, ಇಂಥ ಸುಮಾರು 3,000 ಕೊಳವೆಗಳು 2001ರಲ್ಲಿ ಇರಾಕಿಗೆ ಹೋಗುವ ದಾರಿಯಲ್ಲಿ, ಜೋರ್ಡಾನಿನಲ್ಲಿ ಸಿಕ್ಕಿಬಿದ್ದವು. ಇವು ಯುರೇನಿಯಂ ಪುಷ್ಟೀಕರಣದ, ಎಂದರೆ ಅಣುಬಾಂಬಿಗೆ ಬೇಕಾದ ಹಗುರ ಯುರೇನಿಯಂನ ಪಾಲು ಹೆಚ್ಚಿಸುವ, ಸೆಂಟ್ರಿಫ್ಯೂಜ್ ಯಂತ್ರದ ಒಳಗೆ ತಿರುಗುವ ರೋಟರ್‌ಗಳು ಎಂದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತೀರ್ಮಾನಿಸಿತು. ಎರಡು ವರ್ಷ ತುಂಬುವುದರೊಳಗೆ ಅಮೆರಿಕ ಇರಾಕಿನ ಮೇಲೆ ದಂಡೆತ್ತಿ ಹೋಯಿತು.

ತಪ್ಪಾಗಿದ್ದ ಈ ತೀರ್ಮಾನದ ಬಗ್ಗೆ ಮಾತು ಬಂದಾಗಲೆಲ್ಲ ‘ಮೇಲಿನವರು ಸುಳ್ಳು ಹೇಳಿಸಿದರು, ಗೂಢಚಾರರು ಹೇಳಿದರು’ ಎಂದು ಮುಗಿಸಿಬಿಡುತ್ತಾರೆ. ಒತ್ತಡ ಕೆಲಸ ಮಾಡುವ ರೀತಿ ಅಷ್ಟು ಸರಳವಾಗಿದ್ದರೆ ಅದನ್ನು ಹಿಡಿಯುವುದೂ ಸುಲಭವಾಗಿರುತ್ತಿತ್ತು. ಯಾರೂ ಸುಳ್ಳು ಹೇಳದೆಯೇ ಇಡೀ ವ್ಯವಸ್ಥೆ ಒಂದು ಸುಳ್ಳನ್ನು ತಲುಪಬಹುದು, ಮತ್ತು ಅದರ ಹಿಂದಿರುವುದು ಅಳತೆಯ ವಿಜ್ಞಾನ.

ಮೊದಲು ಯಂತ್ರವನ್ನು ನೋಡೋಣ. ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲದಲ್ಲಿ ಭಾರದ ಅಣುವಿನ ತೂಕ 352, ಹಗುರದ್ದು 349. ಹಾಲಿನಿಂದ ಕೆನೆ ತೆಗೆಯುವ ಯಂತ್ರದಲ್ಲಿ ಆಗುವಂತೆ, ಅತಿ ವೇಗವಾಗಿ ತಿರುಗುವ ಕೊಳವೆಯಲ್ಲಿ ಭಾರದ್ದು ಗೋಡೆಯತ್ತ ಸರಿಯುತ್ತದೆ, ಹಗುರದ್ದು ನಡುವಿನತ್ತ ಉಳಿಯುತ್ತದೆ. ವ್ಯತ್ಯಾಸ ನೂರಕ್ಕೆ ಒಂದರಷ್ಟೂ ಇಲ್ಲದ ಕಾರಣ ಗೋಡೆ ಶಬ್ದಕ್ಕಿಂತ ವೇಗವಾಗಿ ಸುತ್ತಬೇಕು. ಅದಕ್ಕೆ ತೆಳುವಾದ, ಹಗುರವಾದ ರೋಟರ್ ಬೇಕು. 1950ರ ದಶಕದ ‘ಜಿಪ್ಪೆ’ ಎಂಬ ಸೆಂಟ್ರಿಫ್ಯೂಜ್ ಮಾದರಿಯಲ್ಲಿ ಈ ಗೋಡೆಯ ದಪ್ಪ ಸುಮಾರು 1 ಮಿಲಿಮೀಟರ್ ಮಾತ್ರ. ಸಿಕ್ಕ ಕೊಳವೆಯದು ಅದರ ಮೂರು ಪಟ್ಟು. ಸೆಂಟ್ರಿಫ್ಯೂಜಿನಲ್ಲಿ ಬಳಸುವ ಮುನ್ನ ಆನೋಡೈಸ್ ಪದರವನ್ನು ತೆಗೆಯಬೇಕಾಗುತ್ತಿತ್ತು. ಅದೇ ಕೊಳವೆಯಿಂದ ರಾಕೆಟ್ ಮಾಡುವುದಾದರೆ, ಬಯಲಲ್ಲಿ ಬಿದ್ದಿರುವಾಗ ಅದು ಹಾಳಾಗದಿರಲು ಆ ಪದರ ಬೇಕೇ ಬೇಕು. 1991ಕ್ಕೆ ಮೊದಲೇ ಕಾರ್ಬನ್ ನಾರಿನ ರೋಟರನ್ನು ಪರೀಕ್ಷಿಸಿ ನೋಡಿದ್ದ ಇರಾಕ್, ಹಿಂದಿನ ತಲೆಮಾರಿನ ಅಲ್ಯೂಮಿನಿಯಂಗೆ ಮರಳುವುದಾದರೂ ಏಕೆ? ಇಟಲಿಯ ‘ಮೆಡೂಸಾ 81’ ರಾಕೆಟ್ಟನ್ನು ನಕಲು ಮಾಡಿ ಇರಾಕ್ ತಯಾರಿಸುತ್ತಿದ್ದ ರಾಕೆಟ್ಟಿನ ಅಳತೆಗೆ ಈ ಕೊಳವೆ ಸರಿಯಾಗಿ ಕೂರುತ್ತಿತ್ತು. ಅಮೆರಿಕದ ಇಂಧನ ಇಲಾಖೆಯ ಸೆಂಟ್ರಿಫ್ಯೂಜ್ ತಜ್ಞರು ಇದನ್ನು 2001ರಲ್ಲೇ ಹೇಳಿದ್ದರು.

ಸಿಐಎ ವಾದದ ತಿರುಳು, ಕೊಳವೆ ಸೆಂಟ್ರಿಫ್ಯೂಜಿಗೆ ‘ಹೊಂದುತ್ತದೆ’ ಎಂಬುದಾಗಿತ್ತು. ಈ ‘ಹೊಂದುತ್ತದೆ’ ಎಂಬ ಮಾತಿನ ಮೇಲೆ ನನಗೆ ಬಹಳ ದಿನಗಳ ಸಿಟ್ಟಿದೆ. ಬೆಳಗ್ಗೆ ಎದ್ದಾಗ ಅಂಗಳ ಒದ್ದೆಯಾಗಿದೆ ಎನ್ನಿ. ರಾತ್ರಿ ಮಳೆ ಬಂದಿತ್ತು ಎಂಬ ಊಹೆಗೆ ಅದು ಹೊಂದುತ್ತದೆ. ರಂಗೋಲಿ ಹಾಕಲು ಯಾರೋ ನೀರು ಚಿಮುಕಿಸಿದ್ದಾರೆ ಎಂಬುದಕ್ಕೂ ಅಷ್ಟೇ ಹೊಂದುತ್ತದೆ. ಹಾಗಾಗಿ ಮಳೆಯ ಬಗ್ಗೆ ಅಂಗಳ ಏನನ್ನೂ ಹೇಳುವುದಿಲ್ಲ, ಮಾಡಿನ ಹಂಚನ್ನು ನೋಡಬೇಕು. ಜ್ವರ ಡೆಂಗಿಗೂ ಹೊಂದುತ್ತದೆ, ಮಾಮೂಲಿ ಫ್ಲೂಗೂ ಹೊಂದುತ್ತದೆ. ಆದ್ದರಿಂದಲೇ ವೈದ್ಯರು ರಕ್ತ ಪರೀಕ್ಷೆ ಮಾಡಿಸುತ್ತಾರೆ. ಏನಾದರೂ ಸರಿಹೊಂದುವಂತೆ ಭವಿಷ್ಯ ಹೇಳುವ ಜ್ಯೋತಿಷಿಯ ಬಂಡವಾಳವೂ ಇದೇ. ಒಂದು ಸಾಕ್ಷ್ಯದ ಬೆಲೆ ಅದು ನಮ್ಮ ಊಹೆಗೆ ಎಷ್ಟು ಹೊಂದುತ್ತದೆ ಎಂಬುದರಲ್ಲಿಲ್ಲ, ಎದುರು ಊಹೆಗೆ ಎಷ್ಟು ಹೊಂದುವುದಿಲ್ಲ ಎಂಬುದರಲ್ಲಿದೆ.

ಒತ್ತಡ ನುಸುಳುವುದು ಇಲ್ಲಿಯೇ. ಅಮೆರಿಕದ ಆಗಿನ ಉಪಾಧ್ಯಕ್ಷ ಡಿಕ್ ಚೆನಿ 2002ರ ಆಗಸ್ಟ್ 26ರಂದು, ಸದ್ದಾಂ ಹುಸೇನ್ ಬಳಿ ಸಮೂಹ ನಾಶಕ ಅಸ್ತ್ರಗಳಿರುವುದರಲ್ಲಿ ಸಂಶಯವೇ ಇಲ್ಲ ಎಂದು ಬಹಿರಂಗವಾಗಿ ಸಾರಿದರು. ಈ ವಿಷಯದ ಅಧಿಕೃತ ರಾಷ್ಟ್ರೀಯ ಗುಪ್ತಚರ ಅಂದಾಜು, ಎಂದರೆ ಅಮೆರಿಕದ ಗುಪ್ತಚರ ಸಂಸ್ಥೆಗಳೆಲ್ಲ ಸೇರಿ ಬರೆಯುವ ರಹಸ್ಯ ವರದಿ, ಸಿದ್ಧವಾದದ್ದು ಅಕ್ಟೋಬರಿನಲ್ಲಿ, ಅದೂ ಕೆಲವೇ ವಾರಗಳ ಅವಸರದಲ್ಲಿ. ಚೆನಿಯವರು ಸಿಐಎ ಕಚೇರಿಗೇ ಹಲವು ಬಾರಿ ಹೋಗಿ ಪ್ರಶ್ನೆ ಕೇಳಿದರು. ಪ್ರಶ್ನೆ ಕೇಳುವುದು ತಪ್ಪಲ್ಲ ಎನ್ನಬಹುದು. ಆದರೆ ಮುಳ್ಳು ಎರಡೂ ಕಡೆ ಸಮನಾಗಿ ಅಲುಗಾಡುವ ಒಂದು ತಕ್ಕಡಿಯನ್ನು ನೆನೆಯಿರಿ. ವ್ಯಾಪಾರಿಯು ತೂಕ ತನಗೆ ಒಪ್ಪಿಗೆಯಾಗದಿದ್ದಾಗ ಮಾತ್ರ ‘ಇನ್ನೊಮ್ಮೆ ನೋಡೋಣ’ ಎಂದು ಮತ್ತೆ ತೂಗಿ, ಒಪ್ಪಿಗೆಯಾದ ಕೂಡಲೇ ನಿಲ್ಲಿಸಿದರೆ, ಒಮ್ಮೆಯೂ ಕೈ ಒತ್ತದೆ ಎಲ್ಲ ತೂಕವೂ ಒಂದೇ ಕಡೆಗೆ ವಾಲುತ್ತದೆ. ‘ಇಲ್ಲ’ ಎಂದ ವಿಶ್ಲೇಷಕನ ಮುಂದೆ ಮರುಪ್ರಶ್ನೆಗಳ ಸಾಲು ನಿಂತು, ‘ಹೌದು’ ಎಂದವನನ್ನು ಯಾರೂ ಕೇಳದಿದ್ದರೆ ಆಗುವುದು ಇದೇ: ಒಂದು ದಿಕ್ಕಿನ ತಪ್ಪುಗಳು ಮಾತ್ರ ತಿದ್ದಲ್ಪಡುತ್ತವೆ, ಇನ್ನೊಂದು ದಿಕ್ಕಿನವು ಹಾಗೆಯೇ ಉಳಿದು ರಾಶಿಯಾಗುತ್ತವೆ. ಮುಂದೆ ಇದನ್ನು ತನಿಖೆ ಮಾಡಿದ ಅಮೆರಿಕದ ಸೆನೆಟ್ ಸಮಿತಿಯಾಗಲಿ 2005ರ ಅಧ್ಯಕ್ಷೀಯ ಆಯೋಗವಾಗಲಿ ನೇರ ಬಲವಂತಕ್ಕೆ ಪುರಾವೆ ಸಿಗಲಿಲ್ಲ ಎಂದದ್ದು ಆಶ್ಚರ್ಯವಲ್ಲ. ರೂಢಿಯ ನಂಬಿಕೆಯನ್ನು ಸಂಶಯಿಸಲು ಅಲ್ಲಿನ ವಾತಾವರಣ ಉತ್ತೇಜನ ಕೊಡಲಿಲ್ಲ ಎಂದು ಆಯೋಗವೇ ಒಪ್ಪಿಕೊಂಡಿದೆ.

1964ರ ಆಗಸ್ಟ್ 4ರಂದು ವಿಯೆಟ್ನಾಂ ಬಳಿಯ ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ಎರಡನೆಯ ದಾಳಿ ನಡೆಯಿತೆಂದು ಹೇಳಿದಾಗಲೂ ಹೀಗೆಯೇ ಆಗಿತ್ತು. ದಾಳಿಯ ಕಥೆಗೆ ಹೊಂದದ ಬಹುಪಾಲು ರೇಡಿಯೊ ಸಂದೇಶಗಳು ಮೇಲಿನವರಿಗೆ ತಲುಪಲೇ ಇಲ್ಲ ಎಂದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಆಂತರಿಕ ಇತಿಹಾಸ 2005ರಲ್ಲಿ ಬಯಲಾದಾಗ ತಿಳಿಯಿತು. 1964ರಲ್ಲಿ ಆ ಸುದ್ದಿ ಬಂದ ಮೂರೇ ದಿನಗಳಲ್ಲಿ ಅಮೆರಿಕದ ಸಂಸತ್ತು ಅಧ್ಯಕ್ಷರಿಗೆ ಯುದ್ಧದ ಅಧಿಕಾರ ಕೊಟ್ಟಾಗಿತ್ತು.

ಕೊಳವೆಗಳ ವಿಷಯದಲ್ಲಿ ಭಿನ್ನಮತ ಅಡಗಿಹೋಗಲಿಲ್ಲ. ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗವೂ ಇಂಧನ ಇಲಾಖೆಯೂ ಅಕ್ಟೋಬರಿನ ರಹಸ್ಯ ವರದಿಯಲ್ಲೇ ತಮ್ಮ ಆಕ್ಷೇಪವನ್ನು ಬರೆದಿದ್ದವು. 2003ರ ಮಾರ್ಚ್ 7ರಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮೊಹಮದ್ ಎಲ್‌ಬರದೈ ಅವರು ಈ ಕೊಳವೆಗಳು ಸೆಂಟ್ರಿಫ್ಯೂಜಿಗೆ ಬಳಕೆಯಾಗುವ ಸಾಧ್ಯತೆ ಕಡಿಮೆಯೆಂದು ಭದ್ರತಾ ಮಂಡಳಿಗೆ ತಿಳಿಸಿದರು. ಎರಡು ವಾರ ಕಳೆಯುವ ಮೊದಲೇ ಯುದ್ಧ ಆರಂಭವಾಯಿತು, ಮತ್ತು 1991ರ ನಂತರ ಅಣ್ವಸ್ತ್ರ ಯೋಜನೆಯನ್ನು ಮತ್ತೆ ಕಟ್ಟುವ ಸಂಘಟಿತ ಪ್ರಯತ್ನಕ್ಕೆ ಪುರಾವೆಯಿಲ್ಲವೆಂದು ಅಮೆರಿಕದ್ದೇ ತನಿಖಾ ತಂಡ 2004ರಲ್ಲಿ ಬರೆಯಿತು.

ಆ ರಹಸ್ಯ ವರದಿಯ ಸಾರ್ವಜನಿಕ ಆವೃತ್ತಿಯೊಂದು 2002ರ ಅಕ್ಟೋಬರ್ 4ರಂದು, ಇರಾಕ್ ಯುದ್ಧಕ್ಕೆ ಅಧಿಕಾರ ಕೊಡುವ ಸಂಸತ್ತಿನ ಮತದಾನಕ್ಕೆ ಒಂದು ವಾರ ಇರುವಾಗ ಹೊರಬಂತು. ಕೊಳವೆಗಳು ಸೆಂಟ್ರಿಫ್ಯೂಜಿಗೇ ಎಂದು ಹೆಚ್ಚಿನ ತಜ್ಞರು ಭಾವಿಸುತ್ತಾರೆ, ಸಾಮಾನ್ಯ ಶಸ್ತ್ರಗಳಿಗಿರಬಹುದು ಎಂದು ಕೆಲವರು ನಂಬುತ್ತಾರೆ ಎಂಬುದಷ್ಟೇ ಅದರಲ್ಲಿತ್ತು. ಆ ‘ಕೆಲವರು’ ಅಮೆರಿಕ ಸರ್ಕಾರದಲ್ಲಿ ಸೆಂಟ್ರಿಫ್ಯೂಜನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಇಂಧನ ಇಲಾಖೆಯ ತಜ್ಞರು ಎಂಬುದನ್ನು ಅದು ಓದುಗರಿಗೆ ಹೇಳಲಿಲ್ಲ.